ಕಛೇರಿ ಮಾಡುವವರೇ ಕೇರಿಯಲ್ಲಿ ಪಾಠ ಹೇಳಿದರೆ

ನಾನಿರುವ ಪ್ರಾವಿಡೆನ್ಸ್, ಅಮೆರಿಕದ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯದ ರಾಜಧಾನಿ. ಊರಿನ ಒಂದು ಮಗ್ಗುಲಿಗೆ ಗುಡ್ಡದ ಮೇಲೆ ಹೆಸರುವಾಸಿಯಾದ ಬ್ರೌನ್ ವಿಶ್ವವಿದ್ಯಾಲಯ. ಇನ್ನೊಂದು ಮಗ್ಗುಲಿಗೆ, ಹೆದ್ದಾರಿಯ ಆಚೆ, ವೆಸ್ಟ್ ಎಂಡ್ ಮತ್ತು ಓಲ್ನಿವಿಲ್ ಎಂಬ ದುಡಿಯುವ ಜನರ ಬಡಾವಣೆಗಳು. ಹೊರದೇಶಗಳಿಂದ ಬಂದು ನೆಲೆಸಿದ ಕುಟುಂಬಗಳು ಅಲ್ಲಿ ಬಹಳ. 1997ರಲ್ಲಿ, ಬ್ರೌನ್‌ನಲ್ಲಿ ಆಗಷ್ಟೇ ಓದು ಮುಗಿಸಿದ್ದ ಸೆಬಾಸ್ಟಿಯನ್ ರೂತ್ ಎಂಬ ಯುವ ವಾದಕ ಗುಡ್ಡ ಇಳಿದು ಈ ಕಡೆ ಬಂದು ‘ಕಮ್ಯುನಿಟಿ ಮ್ಯೂಸಿಕ್‌ವರ್ಕ್ಸ್’ ಸಂಸ್ಥೆಯನ್ನು ಕಟ್ಟಿದರು. ಅದರ ಬೆನ್ನೆಲುಬಾಗಿ ನಿಂತದ್ದು ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ಒಂದು ವಯೋಲಾ, ಕೂತು ನುಡಿಸುವ ಇನ್ನೂ ದೊಡ್ಡ ಒಂದು ಚೆಲ್ಲೊ ಸೇರಿದ ನಾಲ್ವರ ಮೇಳ, ಪ್ರಾವಿಡೆನ್ಸ್ ಸ್ಟ್ರಿಂಗ್ ಕ್ವಾರ್ಟೆಟ್. ಮುಂದೆ ಆ ಮೇಳ ಇನ್ನಷ್ಟು ವಾದಕರನ್ನು ಸೇರಿಸಿಕೊಂಡು ಬೆಳೆಯಿತು.

ಮಕ್ಕಳಿಗೆ ಪಾಠ ಉಚಿತ, ವಾದ್ಯವನ್ನೂ ಸಂಸ್ಥೆಯೇ ಕೊಡುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಬಿಟ್ಟಿ ಪಾಠ ಹೇಳುವ ಪುಣ್ಯಾತ್ಮರು ಎಲ್ಲ ಊರಲ್ಲೂ ಇದ್ದಾರೆ. ಇಲ್ಲಿ ವೇದಿಕೆಯ ಮೇಲೆ ಕೂರುವ ವಾದಕರಿಗೂ ಮಗುವಿನ ಬೆರಳು ತಿದ್ದುವ ಮೇಷ್ಟರಿಗೂ ಭೇದವಿಲ್ಲ. ಇಬ್ಬರೂ ಒಬ್ಬರೇ. ಎರಡೂ ಕೆಲಸಕ್ಕೆ ಸೇರಿಯೇ ಸಂಬಳ. ಮೇಳದವರು ವರ್ಷಗಟ್ಟಲೆ ತಾಲೀಮು ನಡೆಸಿದ್ದು ವೆಸ್ಟ್‌ಮಿನ್‌ಸ್ಟರ್ ಬೀದಿಯ ಒಂದು ಮಳಿಗೆಯಲ್ಲಿ. ದಾರಿಹೋಕರು ಗಾಜಿನಾಚೆ ನಿಂತು ನೋಡಬಹುದಿತ್ತು. ತನ್ನ ಗುರು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸಿ, ತಪ್ಪಿ, ತಿದ್ದಿಕೊಳ್ಳುವುದನ್ನು ಕಣ್ಣಾರೆ ಕಂಡ ಮಗುವಿಗೆ ಅಭ್ಯಾಸ ಮಾಡು ಎಂದು ಬೇರೆ ಬುದ್ಧಿ ಹೇಳಬೇಕಾಗುವುದಿಲ್ಲ.

ಕ್ವಾರ್ಟೆಟ್ ನುಡಿಸುವ ಬಗೆಯನ್ನು ಹತ್ತಿರದಿಂದ ನೋಡಬೇಕು. ನಾಲ್ವರೂ ಅರ್ಧ ವೃತ್ತದಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕೂರುತ್ತಾರೆ. ತಾಳ ಹಾಕುವವರಿಲ್ಲ, ಕೋಲು ಹಿಡಿದು ನಡೆಸುವವರಿಲ್ಲ. ಮೊದಲ ಪಿಟೀಲಿನವರು ಕಮಾನನ್ನು ತುಸು ಎತ್ತಿ ಮೂಗಿನಿಂದ ಉಸಿರೆಳೆದುಕೊಳ್ಳುತ್ತಾರೆ. ಆ ಉಸಿರು ಎಷ್ಟು ಉದ್ದವೋ ಲಯ ಅಷ್ಟು. ಉಳಿದ ಮೂವರೂ ಅದೇ ಉಸಿರಿನಲ್ಲಿ ಎತ್ತಿಕೊಳ್ಳುತ್ತಾರೆ. ಚಿಕ್ಕ ಅಳತೆಯ ಪಿಟೀಲು ಹಿಡಿದ ಮಕ್ಕಳೂ ಇದನ್ನೇ ಕಲಿಯಬೇಕು. ನಡುವೆ ನಿಲ್ಲಿಸಿ, ಈಗ ಯಾರ ದನಿ ಕೇಳಿಸಲಿಲ್ಲ ಎಂದು ಮೇಷ್ಟರು ಕೇಳಿದರೆ ಮಗು ತನ್ನ ಪಾಡಿಗೆ ತಾನು ನುಡಿಸಿಕೊಂಡು ಪಾರಾಗುವಂತಿಲ್ಲ.

ನಮ್ಮ ಕರ್ನಾಟಕ ಸಂಗೀತದಲ್ಲಿ ಸರಳೆ, ಜಂಟಿ ವರಸೆ, ಅಲಂಕಾರ, ಗೀತೆ, ವರ್ಣ ಎಂದು ಪಾಠದ ಒಂದೊಂದೇ ಮೆಟ್ಟಿಲನ್ನು ಮಗು ಒಂಟಿಯಾಗಿಯೇ ಮೇಲೇರುತ್ತದೆ. ಹತ್ತು ಮಕ್ಕಳು ಒಟ್ಟಿಗೆ ಕೂತರೂ ಹತ್ತೂ ಮಂದಿ ನುಡಿಸುವುದು ಒಂದೇ ಸಾಲನ್ನು. ಬಳಿಕ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ. ಈ ಪದ್ಧತಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಕಿವಿಯಿಂದ ಕಿವಿಗೆ ಕಲಿಸುವ ನಮ್ಮ ಗುರುಗಳು ಕೊಡುವ ನೆನಪಿನ ಶಕ್ತಿ, ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವ ಮನೋಧರ್ಮದ ಧೈರ್ಯ, ಎದುರಿಗೆ ಸ್ವರ ಬರೆದ ಹಾಳೆ ಇಟ್ಟುಕೊಂಡೇ ಬೆಳೆಯುವ ಮಕ್ಕಳಿಗೆ ಸುಲಭಕ್ಕೆ ದಕ್ಕುವುದಲ್ಲ. ಆದರೆ ಇನ್ನೊಬ್ಬರ ಬೇರೆ ಸಾಲನ್ನು ಕೇಳುತ್ತ ತನ್ನ ಸಾಲನ್ನು ನುಡಿಸುವ ಸುಖ ನಮ್ಮ ಮಕ್ಕಳಿಗೆ ತೀರ ತಡವಾಗಿ, ಪಕ್ಕವಾದ್ಯಕ್ಕೆ ಕೂತಾಗ ಮಾತ್ರ ಸಿಗುತ್ತದೆ. ಬಹುಪಾಲು ಮಕ್ಕಳು ಅಲ್ಲಿಯವರೆಗೆ ಬರುವುದೇ ಇಲ್ಲ.

ಬಡ ಮಕ್ಕಳಿಗೆ ಸಂಗೀತ ಎಂಬುದನ್ನು ಅಮೆರಿಕದವರಿಂದ ಕಲಿಯಬೇಕೇ ಎಂದು ಯಾರಾದರೂ ಕೇಳಿದರೆ, ಖಂಡಿತ ಬೇಡ ಎನ್ನುತ್ತೇನೆ. ಗದಗದ ವೀರೇಶ್ವರ ಪುಣ್ಯಾಶ್ರಮ ನಮ್ಮ ಕಣ್ಣೆದುರಿಗೇ ಇದೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು, ಅಂಧ ಮಕ್ಕಳಿಗೂ ಬಡವರ ಮಕ್ಕಳಿಗೂ ಅನ್ನವಿಕ್ಕಿ, ಇರಲು ಜಾಗ ಕೊಟ್ಟು ಸಂಗೀತ ಕಲಿಸಿದರು. ಹಿಂದುಸ್ತಾನಿ ಗಾಯಕ ಬಸವರಾಜ ರಾಜಗುರು ಅಂಥವರು ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ತಯಾರಾದವರು. ಮಕ್ಕಳನ್ನು ಸಾಕಲು ಗವಾಯಿಗಳು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ರೂತ್ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಎಂಬ ಅಮೆರಿಕದ ದೊಡ್ಡ ಪುರಸ್ಕಾರ ಬಂದ 2010ರಲ್ಲೇ ಪುಟ್ಟರಾಜ ಗವಾಯಿಗಳು ತೀರಿಕೊಂಡರು. ಅಲ್ಲಿ ಐದು ಲಕ್ಷ ಡಾಲರ್. ಇಲ್ಲಿ ಭಕ್ತರು ಕೊಟ್ಟಷ್ಟು.

ನನಗೆ ನೋವಾಗುವುದು ಇಲ್ಲಿಯೇ. ಗದಗದಲ್ಲಿ ಸಾಧ್ಯವಾದದ್ದು ಮಹಾತ್ಮರ ತ್ಯಾಗದಿಂದ ಸಾಧ್ಯವಾಯಿತು, ಆದರೆ ಪ್ರತಿ ತಾಲ್ಲೂಕಿಗೂ ಒಬ್ಬ ಗವಾಯಿ ಹುಟ್ಟಿ ಬರುವುದಿಲ್ಲ. ಪ್ರಾವಿಡೆನ್ಸಿನಲ್ಲಿ ಮಹಾತ್ಮರನ್ನು ಕಾಯಲಿಲ್ಲ; ಚೆನ್ನಾಗಿ ನುಡಿಸಬಲ್ಲ ನಾಲ್ವರಿಗೆ ತಿಂಗಳ ಸಂಬಳ ಕೊಟ್ಟು, ಈ ಕೇರಿಯಲ್ಲೇ ಇರಿ, ಇಲ್ಲಿಯೇ ನುಡಿಸಿ, ಇಲ್ಲಿಯೇ ಕಲಿಸಿ ಎಂದರು. ನಮ್ಮಲ್ಲಿ ಎಷ್ಟೋ ಒಳ್ಳೆಯ ವಿದ್ವಾಂಸರು ಕಛೇರಿಯ ಹಣ ಸಾಲದೆ ಮನೆಪಾಠಕ್ಕೆ ಅಲೆಯುತ್ತಾರೆ. ಶುಲ್ಕ ಕೊಡಬಲ್ಲವರ ಮಕ್ಕಳಿಗೆ ಮಾತ್ರ ಅವರು ಸಿಗುತ್ತಾರೆ.

ಹೊರನಾಡಿನ ನಾವು ಕನ್ನಡ ಕೂಟಗಳಲ್ಲಿ ಊರಿನಿಂದ ದೊಡ್ಡ ಕಲಾವಿದರನ್ನು ಕರೆಸುತ್ತೇವೆ. ವಿಮಾನ, ವೀಸಾ, ಹೋಟೆಲು, ಸಭಾಂಗಣ ಎಂದು ಧಾರಾಳವಾಗಿ ಖರ್ಚು ಮಾಡಿ ಒಂದು ಸಂಜೆ ಕೇಳಿ ಮನೆಗೆ ಹೋಗುತ್ತೇವೆ. ಅದು ಬೇಕು, ನನಗೂ ಇಷ್ಟ. ಅದರ ಜೊತೆಗೆ, ಕೆಲವು ಕೂಟಗಳು ಕೈಜೋಡಿಸಿ ಕರ್ನಾಟಕದ ಒಂದೇ ಒಂದು ತಾಲ್ಲೂಕು ಕೇಂದ್ರವನ್ನು ಆರಿಸಿಕೊಂಡು ನಾಲ್ವರು ಯುವ ವಾದಕರಿಗೆ ಎರಡು ವರ್ಷದ ಸಂಬಳ ಕೊಡಬಾರದೇ? ವೀಣೆ, ಪಿಟೀಲು, ಕೊಳಲು, ಮೃದಂಗ ಇರಲಿ. ಸಂಜೆ ಸರ್ಕಾರಿ ಶಾಲೆಯ ಕೊಠಡಿಯಲ್ಲಿ ಪಾಠ, ತಿಂಗಳಿಗೊಂದು ಕಛೇರಿ ಅದೇ ಊರಿನಲ್ಲಿ, ತಾಲೀಮಿಗೆ ಬಾಗಿಲು ತೆರೆದಿಟ್ಟ ಒಂದು ಮಳಿಗೆ. ನಮ್ಮ ಕೂಟದ ಮುಂದಿನ ಸಭೆಯಲ್ಲಿ ಈ ಮಾತನ್ನು ಎತ್ತಲಿದ್ದೇನೆ. ಬೇರೆ ಊರುಗಳ ಕೂಟದವರು ಜೊತೆಗೂಡಿದರೆ ಯಾವ ತಾಲ್ಲೂಕು ಎಂಬುದನ್ನು ಕೂತು ಮಾತಾಡೋಣ. ನನ್ನ ಮನಸ್ಸು ಗದಗ ಜಿಲ್ಲೆಯ ಕಡೆಗಿದೆ.