ರೈಲೇ ಇಲ್ಲದ ಜಿಲ್ಲೆಯಲ್ಲಿ ರೈಲಿನ ಲೆಕ್ಕ

150 ಮೀಟರ್ ಉದ್ದದ ರೈಲೊಂದು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. 300 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ದಾಟಲು ಅದಕ್ಕೆ ಎಷ್ಟು ಹೊತ್ತು ಬೇಕು? ಉತ್ತರ 30 ಸೆಕೆಂಡ್. ಇದು ಗೊತ್ತಿದ್ದರೆ ನೀವು ಉದ್ಯೋಗಕ್ಕೆ ರೆಡಿ. ಗೊತ್ತಿಲ್ಲದಿದ್ದರೆ ಇನ್ನೊಂದು ಕಾರ್ಯಾಗಾರಕ್ಕೆ ರೆಡಿ.

ಕೊಡಗಿನ ಕಾಲೇಜೊಂದರಲ್ಲಿ ಮಕ್ಕಳನ್ನು ಉದ್ಯೋಗಕ್ಕೆ ಸಿದ್ಧಗೊಳಿಸುವ 'ಕೆರಿಯರ್ ರೆಡಿನೆಸ್' ಕಾರ್ಯಾಗಾರ. ಬೆಂಗಳೂರಿಂದ ಬಂದ ತರಬೇತುದಾರರು ಈ ಲೆಕ್ಕ ಹಾಕಿಸುತ್ತಿದ್ದರು. ಇಡೀ ಜಿಲ್ಲೆಯಲ್ಲಿ ಒಂದಡಿ ರೈಲು ಹಳಿ ಇಲ್ಲ ಅನ್ನುವುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮೈಸೂರಿಂದ ಕುಶಾಲನಗರಕ್ಕೆ ರೈಲು ಬರುತ್ತದೆ ಅಂತ ಪ್ರತಿ ಚುನಾವಣೆಯಲ್ಲೂ ಕೇಳಿ ಕೇಳಿ ಬೆಳೆದ ಮಕ್ಕಳು ಅವರ ಮುಂದೆ ಕೂತಿದ್ದರು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಸರ್, ಉತ್ತರ ಸೆಕೆಂಡ್ ಲೆಕ್ಕದಲ್ಲಿ ಬೇಕಾ, ವರ್ಷದ ಲೆಕ್ಕದಲ್ಲಾ?" ಸಭಾಂಗಣ ನಕ್ಕಿತು. ಅವನ ಫೀಡ್‌ಬ್ಯಾಕ್ ಹಾಳೆಯಲ್ಲಿ 'ಧೋರಣೆ ಸುಧಾರಿಸಬೇಕು' ಅಂತ ಬಿತ್ತು.

ಲೆಕ್ಕ ಬೇಡ ಅಂತ ನಾನು ಹೇಳುತ್ತಿಲ್ಲ. ಬ್ಯಾಂಕ್ ಪರೀಕ್ಷೆಯಲ್ಲಿ ಕೇಳುತ್ತಾರೆ, ಕಂಪನಿಗಳ ಮೊದಲ ಸುತ್ತಿನಲ್ಲಿ ಕೇಳುತ್ತಾರೆ, ಕಲಿತರೆ ನಷ್ಟವಿಲ್ಲ. ಆದರೆ ಒಂದೇ ದಿನದಲ್ಲಿ ಬೆಳಿಗ್ಗೆ ಹತ್ತರಿಂದ ಊಟದವರೆಗೆ ರೈಲು, ಊಟದ ನಂತರ ದೇಹಭಾಷೆ, ಸಂಜೆ ನಾಲ್ಕಕ್ಕೆ ನಾಯಕತ್ವ, ನಾಲ್ಕೂವರೆಗೆ ಗ್ರೂಪ್ ಫೋಟೋ ಅಂದರೆ ಇದರಲ್ಲಿ ಯಾರು ಯಾವುದಕ್ಕೆ ಸಿದ್ಧರಾದರು ಅಂತ ಕೇಳಬೇಕಾಗುತ್ತದೆ ಅಲ್ವಾ?

ಫೋಟೋ ಅಂದೆ. ಅದೇ ಮುಖ್ಯ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಗ್ರೇಡ್ ಕೊಡುವಾಗ ಏಳು ಮಾನದಂಡ ನೋಡುತ್ತಾ ಬಂದಿದೆ. ಐದನೆಯದು ವಿದ್ಯಾರ್ಥಿಗಳ ಬೆಂಬಲ ಮತ್ತು ಪ್ರಗತಿ. ಮೃದು ಕೌಶಲ, ಭಾಷಾ ಕೌಶಲ, ಜೀವನ ಕೌಶಲ, ಕಂಪ್ಯೂಟರ್ ಕೌಶಲ ಇವೆಲ್ಲ ಕಲಿಸಿದಿರಾ ಅಂತ ಅಲ್ಲಿ ಕೇಳುತ್ತಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಉತ್ತರ ಕೊಡಬೇಕಾದ್ದು ಹುಡುಗರ ಮೂಲಕ ಅಲ್ಲ, ಫೈಲ್ ಮೂಲಕ. ಹಾಗಾಗಿ ಫೋಟೋ ಬೇಕು, ಅದರ ಮೂಲೆಯಲ್ಲಿ ಸ್ಥಳ, ದಿನಾಂಕ, ಅಕ್ಷಾಂಶ, ರೇಖಾಂಶ ಬರಬೇಕು. ಇಷ್ಟು ಬಂದರೆ ಕೌಶಲವೂ ಬಂದ ಹಾಗೆ. ಬ್ಯಾನರ್ ಪೂರ್ತಿ ಕಾಣಲಿ ಅಂತ ಮುಂದಿನ ಸಾಲಿನವರನ್ನು ಕೆಳಗೆ ಕೂರಿಸುತ್ತಾರೆ, ಕುರ್ಚಿ ಖಾಲಿ ಕಂಡರೆ ಲೈಬ್ರರಿಯಲ್ಲಿ ಓದುತ್ತಿದ್ದವರನ್ನೂ ಎಬ್ಬಿಸಿ ತರುತ್ತಾರೆ. ಓದುತ್ತಾ ಕೂತವರನ್ನು ಎಬ್ಬಿಸಿ ಕೆರಿಯರ್ ಕಟ್ಟುವ ವ್ಯವಸ್ಥೆ ಬೇರೆ ಎಲ್ಲಾದರೂ ಇದ್ದರೆ ತಿಳಿಸಿ.

ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ಕಳೆ. ಆಷಾಢದ ಗಾಳಿಗೆ ಮರ ಬಿದ್ದು, ಕಂಬ ಬಿದ್ದು, ಕರೆಂಟು ಹೋಗಿ, ಟವರ್‌ನ ಬ್ಯಾಟರಿಯೂ ಮುಗಿದು, ಚೆಸ್ಕಾಂನವರು ರೈನ್‌ಕೋಟ್ ಹಾಕಿಕೊಂಡು ಲೈನ್ ಹುಡುಕುತ್ತಾ ತೋಟದೊಳಗೆ ಅಲೆಯುವ ದಿನವೇ ನೋಡಿ 'ಸವಾಲುಗಳನ್ನು ಎದುರಿಸುವುದು ಹೇಗೆ' ಅಂತ ಒಂದು ವೆಬಿನಾರ್ ಇತ್ತು. ಯಾರೂ ಸೇರಲಿಲ್ಲ. ಸೇರೋಕೆ ಆಗಲಿಲ್ಲ. ವಾರದ ನಂತರ ನೆಟ್‌ವರ್ಕ್ ಬಂದಾಗ ಎಲ್ಲರ ಫೋನಿಗೂ ಸರ್ಟಿಫಿಕೇಟ್ ಬಂದು ಬಿದ್ದಿತ್ತು, 'ಸಕ್ರಿಯವಾಗಿ ಭಾಗವಹಿಸಿದ್ದಕ್ಕೆ'. ಕೊರೋನಾ ಕಾಲದಲ್ಲಿ ಇದೇ ಜಿಲ್ಲೆಯ ಸೋಮವಾರಪೇಟೆ ಕಡೆ ಮೇಷ್ಟ್ರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಅಲ್ಲಿಂದ ಮಕ್ಕಳಿಗೆ ಪಾಠ ಮಾಡಿದ್ದರು. ಸವಾಲು ಎದುರಿಸುವುದು ಅಂದರೆ ಅದು. ಅದಕ್ಕೆ ಇ-ಸರ್ಟಿಫಿಕೇಟ್ ಇಲ್ಲ.

ಈ ಕೆರಿಯರ್ ರೆಡಿನೆಸ್ ಅನ್ನುವುದು ಸುಮ್ನೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಕಾಲೇಜುಗಳು ಮತ್ತು ಕೆಲಸ ಕೊಡುವವರು ಸೇರಿದ ನೇಸ್ ಅನ್ನುವ ಸಂಘವಿದೆ. ಅದು ಎಂಟು ಗುಣಗಳ ಪಟ್ಟಿ ಮಾಡಿದೆ. ತನ್ನನ್ನು ತಾನು ಬೆಳೆಸಿಕೊಳ್ಳುವುದು, ಸಂವಹನ, ವಿಮರ್ಶಾತ್ಮಕ ಯೋಚನೆ, ಎಲ್ಲರನ್ನೂ ಸಮವಾಗಿ ಕಾಣುವುದು, ನಾಯಕತ್ವ, ವೃತ್ತಿಪರ ನಡವಳಿಕೆ, ತಂಡದ ಕೆಲಸ, ತಂತ್ರಜ್ಞಾನ. ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೂಡ 2019ರಲ್ಲಿ 'ಜೀವನ್ ಕೌಶಲ್' ಅಂತ ಎಂಟು ಕ್ರೆಡಿಟ್‌ಗಳ ಪಠ್ಯಕ್ರಮ ತಂದಿತು. ಓದಿದರೆ ಎರಡರಲ್ಲೂ ತಪ್ಪು ಹುಡುಕುವುದು ಕಷ್ಟ. ಕಷ್ಟ ಶುರುವಾಗುವುದು ಆ ಪಟ್ಟಿ ಪವರ್‌ಪಾಯಿಂಟ್ ಆಗಿ, ಪವರ್‌ಪಾಯಿಂಟ್ ಘಾಟಿ ಹತ್ತಿ ಮಡಿಕೇರಿಗೆ ಬಂದಾಗ.

ಏಕೆಂದರೆ ಆ ಎಂಟರಲ್ಲಿ ಎಷ್ಟೋ ಇಲ್ಲಿನ ಮಕ್ಕಳ ಬಳಿ ಆಗಲೇ ಇದೆ, ಆದರೆ ಅದು ಲೆಕ್ಕಕ್ಕಿಲ್ಲ. ಅಂತಿಮ ಬಿಕಾಂ ಹುಡುಗನೊಬ್ಬನ ರೆಸ್ಯೂಮ್ ನೋಡಿದೆ. 'ಉದ್ದೇಶ: ಸಂಸ್ಥೆಯ ಬೆಳವಣಿಗೆಯ ಜೊತೆಗೆ ನನ್ನ ಕೌಶಲಗಳನ್ನೂ ಬೆಳೆಸುವಂಥ ಸವಾಲಿನ ವಾತಾವರಣದಲ್ಲಿ ಕೆಲಸ ಮಾಡುವುದು.' ಇದೇ ವಾಕ್ಯ ಅವನ ಕ್ಲಾಸಿನ ಎಲ್ಲರ ರೆಸ್ಯೂಮಿನಲ್ಲೂ ಇತ್ತು, ಅದರಲ್ಲಿದ್ದ ಒಂದು ಸ್ಪೆಲ್ಲಿಂಗ್ ತಪ್ಪಿನ ಸಮೇತ. ಹವ್ಯಾಸ: ಸಂಗೀತ ಕೇಳುವುದು. ಅನುಭವ: ಇಲ್ಲ.

ಅನುಭವ ಇಲ್ಲವಂತೆ! ಈ ಹುಡುಗ ರೊಬಸ್ಟಾ ಕಾಫಿ ಕುಯ್ಲು ಶುರುವಾದರೆ ಬೆಳಿಗ್ಗೆ ತೋಟದ ಕೆಲಸಗಾರರ ಲೈನ್ ಮನೆ ಹತ್ತಿರ ಹಾಜರಿ ತೆಗೆದು, ಅಸ್ಸಾಮಿನಿಂದ ಬಂದವರ ಜೊತೆ ಹಿಂದಿ, ಕೇರಳದಿಂದ ಬಂದವರ ಜೊತೆ ಮಲಯಾಳ, ಮೇಸ್ತ್ರಿ ಜೊತೆ ಕನ್ನಡ ಮಾತಾಡಿ, ಸಂಜೆ ಯಾರು ಎಷ್ಟು ಕೆಜಿ ಕುಯ್ದರು ಅಂತ ತೂಗಿ ಬರೆದು, ಶನಿವಾರ ಬಟವಾಡೆಯ ಲೆಕ್ಕ ಒಂದು ರೂಪಾಯಿ ಆಚೀಚೆ ಆಗದ ಹಾಗೆ ಮುಗಿಸುತ್ತಾನೆ. ಆಮೇಲೆ ಕಾಫಿ ಮಾರೋಕೆ ಹೋಗುತ್ತಾನೆ. ಅಲ್ಲಿ ವ್ಯಾಪಾರಿ ಚೆರಿಯ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿದರೆ ಸಿಗುವ ಬೀಜದ ಲೆಕ್ಕ, ಅಂದರೆ ಔಟ್‌ಟರ್ನ್ ಇಷ್ಟೇ ಬಂತು, ತೇವ ಜಾಸ್ತಿ ಇದೆ, 50 ಕೆಜಿ ಚೀಲಕ್ಕೆ ಇಷ್ಟೇ ಅನ್ನುತ್ತಾನೆ. ಇವನು ಇನ್ನೊಂದು ಸಲ ತೆಗೆಯಿರಿ ಅನ್ನುತ್ತಾನೆ, ಪಕ್ಕದ ಊರಿನ ರೇಟು ಹೇಳುತ್ತಾನೆ, ಚೀಲ ವಾಪಸ್ ಜೀಪಿಗೆ ಹಾಕುವ ಹಾಗೆ ನಾಟಕ ಆಡುತ್ತಾನೆ, ರೇಟು ಏರಿಸಿಕೊಂಡು ಬರುತ್ತಾನೆ. ಇದರಲ್ಲಿ ನೇಸ್‌ನವರ ಪಟ್ಟಿಯ ಯಾವುದು ಬಿಟ್ಟುಹೋಯಿತು ಹೇಳಿ.

ಇದನ್ನು ಯಾಕೆ ಬರೆದಿಲ್ಲ ಅಂತ ಕೇಳಿದೆ. "ಅದು ಮನೆ ಕೆಲಸ ಅಲ್ವಾ ಸರ್. ಟ್ರೈನರ್ ಸರ್ ಅದನ್ನೆಲ್ಲ ಹಾಕಬೇಡ ಅಂದ್ರು, ಪ್ರೊಫೆಷನಲ್ ಆಗಿ ಕಾಣಲ್ಲ ಅಂತೆ."

ಅವನ ಪಕ್ಕದ ಹುಡುಗಿಯದು ಇನ್ನೂ ಚೆಂದ. ಮನೆಯವರ ಹೋಂಸ್ಟೇ ಬುಕಿಂಗ್ ಎಲ್ಲ ಅವಳ ಫೋನಲ್ಲೇ. ರಾತ್ರಿ ಹನ್ನೊಂದಕ್ಕೆ ಬಂದು ಬಿಸಿನೀರಿಲ್ಲ ಅಂತ ಜಗಳ ತೆಗೆದ ಹತ್ತು ಜನರ ಗುಂಪನ್ನು ಸಮಾಧಾನ ಮಾಡಿ, ಮರುದಿನ ಅವರ ಕೈಯಲ್ಲೇ ಐದು ಸ್ಟಾರ್ ಬರೆಸಿ ಕಳಿಸಿದವಳು. ಅಣಕು ಸಂದರ್ಶನದಲ್ಲಿ ಅವಳಿಗೆ 'ಸಿಟ್ಟಾದ ಗ್ರಾಹಕರನ್ನು ಹೇಗೆ ನಿಭಾಯಿಸುತ್ತೀರಿ' ಅಂತ ಕೇಳಿದರು. ಪಾಪ, ಹಿಂದಿನ ದಿನ ಕೊಟ್ಟ ನೋಟ್ಸ್ ನೆನಪು ಮಾಡಿಕೊಳ್ಳಲು ಹೋಗಿ ತಡವರಿಸಿದಳು. ಅಂಕ ಹತ್ತಕ್ಕೆ ನಾಲ್ಕು.

ಅಣಕು ಸಂದರ್ಶನಕ್ಕೆ ಬ್ಲೇಜರ್ ಬೇಕು. ಇಡೀ ಕ್ಲಾಸಿಗೆ ಇರುವುದು ಎರಡು, ಒಬ್ಬ ಹೊರಗೆ ಬಂದು ಬಿಚ್ಚಿ ಕೊಟ್ಟರೆ ಇನ್ನೊಬ್ಬ ತೊಟ್ಟು ಒಳಗೆ ಹೋಗುತ್ತಾನೆ. ಮನೆಯಲ್ಲಿ ಕೊಡವ ಗಂಡಸರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆಯನ್ನು, ಅದೂ ಅಪ್ಪನದನ್ನು, ಇಸ್ತ್ರಿ ಮಾಡಿ ಇಟ್ಟಿರುವ ಹುಡುಗನಿಗೂ ಇಲ್ಲಿ ಡ್ರೆಸ್ಸಿಂಗ್ ಸೆನ್ಸ್ ಬಗ್ಗೆ ಅರ್ಧ ಗಂಟೆ ಪಾಠ. ಆನ್‌ಲೈನ್ ಅರ್ಜಿ ತುಂಬುವಾಗ ಇನ್ನೊಂದು ತಮಾಷೆ. ಕೊಡವರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಫಾರಂ ಮೊದಲು ಬಂದದ್ದನ್ನೇ ಮೊದಲ ಹೆಸರು ಅಂತ ಹಿಡಿಯುತ್ತದೆ. ಎಚ್‌ಆರ್ ಮೇಡಂ ಫೋನ್ ಮಾಡಿ ಇಡೀ ಐನ್‌ಮನೆಯನ್ನೇ, ಅಂದರೆ ಮನೆತನದ ಮೂಲ ಮನೆಯನ್ನೇ, ಸಂದರ್ಶನಕ್ಕೆ ಕರೆಯುತ್ತಾರೆ.

ಸಂದರ್ಶನದ ರಾಜ ಪ್ರಶ್ನೆ ಅಂದರೆ 'ಐದು ವರ್ಷದಲ್ಲಿ ನೀವು ಎಲ್ಲಿರುತ್ತೀರಿ?' ಇದನ್ನು ಇಪ್ಪತ್ತರ ಹುಡುಗರಿಗೆ ಕೇಳುವುದು ಬಿಡಿ, ಅವರನ್ನು ಓದಿಸುವ ವ್ಯವಸ್ಥೆಗೇ ಕೇಳಿ ನೋಡೋಣ. 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂತು, ಪದವಿಗೆ ನಾಲ್ಕು ವರ್ಷದ ದಾರಿ ತೆರೆಯಿತು, ಡಿಜಿಟಲ್ ಫ್ಲುಯೆನ್ಸಿ ಅಂತ ಒಂದು ಪೇಪರ್ ಬಂತು, ನೆಟ್‌ವರ್ಕ್ ಸಿಗುವ ತಿರುವಿನಲ್ಲಿ ಬೈಕ್ ನಿಲ್ಲಿಸಿ ಮಕ್ಕಳು ಅದನ್ನೂ ಪಾಸು ಮಾಡಿದರು. 2024-25ಕ್ಕೆ ಆ ನೀತಿ ಹೋಯಿತು, ಮತ್ತೆ ಮೂರು ವರ್ಷ. ಇನ್ನು ನಮ್ಮ ಕೊಡಗು ವಿಶ್ವವಿದ್ಯಾಲಯ. ಕುಶಾಲನಗರದ ಹತ್ತಿರ ಚಿಕ್ಕಅಳುವಾರದಲ್ಲಿ ಅದು ಕಣ್ಣು ಬಿಟ್ಟು ಇನ್ನೂ ಸರಿಯಾಗಿ ಎರಡು ವರ್ಷ ಕಳೆದಿರಲಿಲ್ಲ, 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಮುಚ್ಚಬಹುದಾದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರನ್ನೂ ಸೇರಿಸಿತು. ತಾನು ಐದು ವರ್ಷದಲ್ಲಿ ಎಲ್ಲಿರುತ್ತೇನೆ ಅಂತ ವಿಶ್ವವಿದ್ಯಾಲಯಕ್ಕೇ ಗೊತ್ತಿಲ್ಲ. ಹುಡುಗ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಡಬೇಕು, ಕೈ ಕಟ್ಟಬಾರದು, ಕಾಲು ಅಲ್ಲಾಡಿಸಬಾರದು.

ಹಾಗಾದರೆ ಏನು ಕಲಿಸಬೇಕು ಅಂತ ನೀವು ಕೇಳಬಹುದು. ದೊಡ್ಡ ವಿಷಯ ಏನೂ ಅಲ್ಲ. ಪದವಿ ಮುಗಿಸಿದ ಎಷ್ಟೋ ಮಕ್ಕಳಿಗೆ ಒಂದು ನೆಟ್ಟಗಿನ ಇಮೇಲ್ ಬರೆಯೋಕೆ ಬರುವುದಿಲ್ಲ, ವಿಷಯದ ಜಾಗ ಖಾಲಿ ಬಿಟ್ಟು ಫೈಲ್ ಒಂದನ್ನು ಎಸೆದುಬಿಡುತ್ತಾರೆ. ಅದು ಕಲಿಸಿ. ತೋಟದ ಹಾಜರಿ ಪುಸ್ತಕವನ್ನು ಎಕ್ಸೆಲ್‌ಗೆ ಹಾಕಿಸಿ, ಕೂಡಿಸುವ ಸೂತ್ರ ಬರೆಸಿ, ಅದನ್ನೇ ರೆಸ್ಯೂಮಿನಲ್ಲಿ ಒಂದು ಸಾಲಾಗಿ ಬರೆಸಿ: ಇಷ್ಟು ಕೆಲಸಗಾರರು, ಇಷ್ಟು ವಾರ, ಇಷ್ಟು ಹಣ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಕೆಲಸ ಮಾಡುವವರ ಜೊತೆ ಅರ್ಧ ದಿನ ಬಿಟ್ಟು ಬನ್ನಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆ ಇದು. ಇಲ್ಲಿನ ಬಿಎ ವಿದ್ಯಾರ್ಥಿಗೆ ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರಿಮಳ ನೋಡಿ ಗುಣಮಟ್ಟ ಅಳೆಯುವುದು, ಏನು ಅಂತ ಗೊತ್ತಿಲ್ಲ. ಬೆಂಗಳೂರಿನಲ್ಲಿ ಇವನ ಊರಿನ ಹೆಸರು ಹಾಕಿದ ಕಾಫಿ ಕುಡಿಯುವವನಿಗೆ ಗೊತ್ತು. ಆದರೆ ಇದಕ್ಕೆಲ್ಲ ಬಸ್ಸು ಬೇಕು, ಅನುಮತಿ ಪತ್ರ ಬೇಕು, ಮೇಷ್ಟ್ರಿಗೆ ಬಿಡುವು ಬೇಕು. ಅತಿಥಿ ಉಪನ್ಯಾಸಕರ ಕೆಲಸವೇ ಮುಂದಿನ ವರ್ಷ ಇರುತ್ತೋ ಇಲ್ಲವೋ. ಅವರನ್ನೇ ಪ್ಲೇಸ್‌ಮೆಂಟ್ ಸೆಲ್‌ನ ಸಂಚಾಲಕರನ್ನಾಗಿ ಮಾಡಿದ್ದಾರೆ ಅನ್ನುವುದನ್ನು ನಾನು ಹೇಳದೇ ಇರುವುದೇ ವಾಸಿ. ಬ್ಯಾನರ್ ಆದರೆ ಸಂಜೆಯೊಳಗೆ ಪ್ರಿಂಟ್ ಆಗಿ ಬರುತ್ತದೆ.

ಇಷ್ಟೆಲ್ಲ ತಯಾರಾಗಿಯೂ ಕೆಲಸ ಸಿಗದಿದ್ದರೆ ಸರ್ಕಾರದ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ. ಪಾಸಾಗಿ 180 ದಿನ ಕೆಲಸ ಸಿಕ್ಕಿರಬಾರದು, ಮುಂದೆ ಓದುತ್ತಲೂ ಇರಬಾರದು, ನನಗಿನ್ನೂ ಕೆಲಸವಿಲ್ಲ ಅಂತ ಆಗಾಗ ಘೋಷಣೆ ಕೊಡುತ್ತಿರಬೇಕು. ಇಲ್ಲಿ ಮಾತ್ರ ನಮ್ಮ ಹುಡುಗರಿಗೆ ಯಾವ ತರಬೇತಿಯೂ ಬೇಕಾಗಲಿಲ್ಲ.

ಆ ಬಿಕಾಂ ಹುಡುಗನ ಅಪ್ಪ ಮೊನ್ನೆ ಸಿಕ್ಕಿದ್ದರು. ಕಾರ್ಯಾಗಾರ ಹೇಗಿತ್ತಂತೆ ಅಂತ ಕೇಳಿದೆ. "ಟೈಂ ಮ್ಯಾನೇಜ್‌ಮೆಂಟ್ ಕಲಿತು ಬಂದಿದಾನೆ. ಕಣದಲ್ಲಿ ಕಾಫಿ ಹರಡಿದೆ, ಮೋಡ ಕಟ್ಟಿದೆ, ಟಾರ್ಪಾಲು ಎಳಿ ಬಾ ಅಂದ್ರೆ ಲಿಂಕ್ಡ್‌ಇನ್‌ನಲ್ಲಿ ಸರ್ಟಿಫಿಕೇಟ್ ಹಾಕ್ತಾ ಕೂತಿದ್ದ" ಅಂದರು. ಪೋಸ್ಟಿಗೆ ಲೈಕ್ ಚೆನ್ನಾಗಿ ಬಂದಿದೆ. ತರಬೇತುದಾರರೂ ಬಂದು ಚಪ್ಪಾಳೆ ತಟ್ಟಿ ಹೋಗಿದ್ದಾರೆ.

ಮುಂದಿನ ಕಾರ್ಯಾಗಾರದ ಸುತ್ತೋಲೆಯೂ ಬಂದಾಗಿದೆ: 'ಕೃತಕ ಬುದ್ಧಿಮತ್ತೆಯ ಯುಗದಲ್ಲಿ ಉದ್ಯೋಗಾವಕಾಶಗಳು'. ಹಾಜರಾತಿ ಕಡ್ಡಾಯ. ಬ್ಯಾನರ್ ಸಿದ್ಧವಾಗಿದೆ, ಅತಿಥಿಗಳಿಗೆ ಶಾಲು, ಹಾರ, ಒಂದು ಕೆಜಿ ಕಾಫಿಪುಡಿ ತಂದಿಟ್ಟಾಗಿದೆ. ಜನರೇಟರ್‌ಗೆ ಡೀಸೆಲ್ ಯಾವ ವಿಭಾಗದವರು ಹಾಕಿಸಬೇಕು ಅನ್ನುವುದಕ್ಕೆ ಮಾತ್ರ ಇನ್ನೂ ಮೀಟಿಂಗ್ ನಡೆಯುತ್ತಿದೆ.