ಚಪ್ಪಲಿ ಒಳಗೆ ತಂದವರು ಯಾರು?

ನನ್ನ ಭಾಮೈದ ಸೆಂಟು ಹಾಕಿಕೊಳ್ಳುವುದಿಲ್ಲ, 'ವೇರ್' ಮಾಡುತ್ತಾನೆ. ಮೂಸಿ ನೋಡುವುದಿಲ್ಲ, 'ಟೆಸ್ಟ್' ಮಾಡುತ್ತಾನೆ. ಮೊನ್ನೆ ದೊಡ್ಡಮ್ಮನ ಮಗನ ಗೃಹಪ್ರವೇಶಕ್ಕೆ ಹೊರಟು ನಿಂತಾಗ ಬಂದವನೇ ನನ್ನ ಕತ್ತಿನ ಎರಡೂ ಕಡೆ, ಎರಡೂ ಮಣಿಕಟ್ಟಿಗೆ ಪುಸ್ ಪುಸ್ ಅನ್ನಿಸಿದ.

"ಭಾವ, ಉಜ್ಜಬೇಡಿ. ಸುಮ್ನೆ ಬಿಡಿ. ಸ್ಪೈಸಿ, ಸಿಟ್ರಸ್, ಲೆದರ್. ಹತ್ತು ನಿಮಿಷ ತಡೀರಿ, ಓಪನ್ ಆಗುತ್ತೆ. ಕೊನೆಗೆ ಮೈಮೇಲೆ ಉಳಿಯೋ ವಾಸನೆ ಡ್ರೈ ಡೌನ್."

100 ಎಂ.ಎಲ್. ಸೀಸೆ. ಬೆಲೆ 25,000 ರೂಪಾಯಿ, ಕಂತಿನಲ್ಲಿ ಕೊಂಡಿದ್ದಾನೆ. ಒಂದು ಸಲ ಒತ್ತಿದರೆ ಹೆಚ್ಚುಕಡಿಮೆ 0.1 ಎಂ.ಎಲ್. ಹೊರಗೆ ಬರುತ್ತದೆ. ಅಂದರೆ ಪುಸ್ಸಿಗೆ 25 ರೂಪಾಯಿ. ಮುಯ್ಯಿ ಕವರಿನಲ್ಲಿ ನಾನು ಇಟ್ಟಿದ್ದು 501. ಮೈಮೇಲೆ ಇಟ್ಟುಕೊಂಡಿದ್ದು 100.

ಮೊದಲು ಬಂದದ್ದು ಬರ್ಗಮಾಟ್. ಇಟಲಿಯ ತುದಿಯ ಕಲಾಬ್ರಿಯಾದಲ್ಲಿ ಬೆಳೆಯುವ ಹುಳಿಹಣ್ಣು, ಬೇಕಾದದ್ದು ಅದರ ಸಿಪ್ಪೆಯ ಎಣ್ಣೆ. ನನಗಂತೂ ಹೇರಳೆಕಾಯಿ ಚಿತ್ರಾನ್ನ ನೆನಪಾಗಿ ಹಸಿವಾಯಿತು. ಆದರೆ ಈ ಹುಳಿ ವಾಸನೆಗಳಿಗೆ ಆಯುಷ್ಯ ಕಮ್ಮಿ, ಹತ್ತಿಪ್ಪತ್ತು ನಿಮಿಷಕ್ಕೆ ಗಾಳಿಗೆ ಹೋಗಿಬಿಡುತ್ತವೆ. ನಮ್ಮ ಕಾರು ಸಿಲ್ಕ್ ಬೋರ್ಡಿನಲ್ಲಿ ನಿಂತೇ ಇತ್ತು. ನಿಂಬೆಹಣ್ಣು ಮಾತ್ರ ಇಳಿದು ಹೋಯಿತು.

ಆಮೇಲೆ ಏಲಕ್ಕಿ, ಕರಿಮೆಣಸು. ಭಾಮೈದ ನನ್ನ ಮಣಿಕಟ್ಟು ಹಿಡಿದು, ನಾಡಿ ನೋಡುವ ಪಂಡಿತರ ಹಾಗೆ ಕಣ್ಣು ಮುಚ್ಚಿದ. "ಕಾರ್ಡಮಮ್ ಸಖತ್ ಲೈಟಾಗಿದೆ ಭಾವ. ಹಳೇ ಲೈಬ್ರರಿ, ಮಳೆ, ಒಬ್ಬ ಗಂಡಸು ಒಬ್ಬನೇ ಕೂತು ಸಿಗಾರ್ ಸೇದ್ತಾ ಇರೋ ಫೀಲ್."

"ಪಾಯಸ ಕುದೀತಿದ್ದ ಹಾಗಿದೆ ಕಣೋ" ಅಂದೆ. ಪಾಪ, ನೊಂದುಕೊಂಡ. ಸಗಣಿಯವನ ಸ್ನೇಹಕ್ಕಿಂತ ಗಂಧದವನ ಜೊತೆ ಗುದ್ದಾಟ ಮೇಲು ಅಂತಾರೆ. ಅಂದವರಿಗೆ ಇಂಥ ಭಾಮೈದ ಇರಲಿಲ್ಲ.

ಹೋಮದ ಹೊತ್ತಿಗೆ ಲೆದರ್ ಬಂತು.

ದೊಡ್ಡಮ್ಮ ಎರಡು ಸಲ ಮೂಗು ಅರಳಿಸಿದರು. "ಯಾರ್ರೀ ಅದು, ಚಪ್ಪಲಿ ಒಳಗೆ ತಂದವರು?" ಮನೆ ತುಂಬ ಹುಡುಕಾಟ ಶುರುವಾಯಿತು. ಸೋಫಾ ಕೆಳಗೆ ಬಗ್ಗಿದರು. ಜಮಖಾನೆ ಎತ್ತಿದರು. ಕೈಗೂಸಿನ ಬೂಟನ್ನೂ ಕಳಚಿ ನೋಡಿದರು. ಅದು ಉಲನ್ನಿನದು. ಪುರೋಹಿತರು ಮಂತ್ರ ನಿಲ್ಲಿಸದೆ ಸುತ್ತ ಕಣ್ಣಾಡಿಸಿದರು. ಭಾಮೈದನ ಮುಖ ಮಾತ್ರ ಮದುಮಗನ ಹಾಗೆ ಹೊಳೆಯುತ್ತಿತ್ತು. "ಭಾವ, ಆರಡಿ ದೂರಕ್ಕೆ ಪ್ರೊಜೆಕ್ಟ್ ಆಗ್ತಿದೆ. ಅದೂ ಹೋಮದ ಹೊಗೆ ಮಧ್ಯೆ. ಬೀಸ್ಟ್ ಮೋಡ್!" ಮೊಬೈಲಿನಲ್ಲಿ ಬರೆದುಕೊಂಡ: ಪ್ರೊಜೆಕ್ಷನ್ 9/10, ಗುರುತಿಸಿದವರು 1.

ಈ ಲೆದರಿನ ಕಥೆಯೇ ತಮಾಷೆ. ಫ್ರಾನ್ಸಿನ ಗ್ರಾಸ್ ಅನ್ನುವ ಊರು ಈಗ ಸುಗಂಧದ ರಾಜಧಾನಿ. ಮೊದಲು ಅದು ಚರ್ಮ ಹದ ಮಾಡುವವರ ಊರು. ಶ್ರೀಮಂತರು ಹಾಕುವ ಚರ್ಮದ ಕೈಗವಸು ನಾರುತ್ತದೆ ಅಂತ ಅದಕ್ಕೆ ಹೂವಿನ ಪರಿಮಳ ಹತ್ತಿಸಿದರು. ಬರಬರುತ್ತಾ ಕೈಗವಸಿಗಿಂತ ಪರಿಮಳವೇ ದೊಡ್ಡ ವ್ಯಾಪಾರ ಆಯಿತು. ಚರ್ಮದ ವಾಸನೆ ಮುಚ್ಚಿ ಮುಚ್ಚಿ ಬೆಳೆದ ಆ ಕಸುಬು, ಕೊನೆಗೆ ಅದೇ ವಾಸನೆಯನ್ನು ಸೀಸೆಗೆ ತುಂಬಿ ಮಾರಿತು. ಸೀಸೆಯಲ್ಲಿ ಚರ್ಮ ಇದೆಯಾ ಅಂದರೆ ಅದೂ ಇಲ್ಲ. ಚರ್ಮದಿಂದ ಅಂಥ ಎಣ್ಣೆ ಇಳಿಯುವುದಿಲ್ಲ. ಇರುವುದು ಬರ್ಚ್ ಮರದ ತೊಗಟೆಯಿಂದ ಕಾಸಿ ಇಳಿಸಿದ ಟಾರು, ಇಲ್ಲವೇ ಲ್ಯಾಬಿನಲ್ಲಿ ಮಾಡಿದ ಕ್ವಿನೋಲಿನ್ ಅನ್ನುವ ರಾಸಾಯನಿಕ. ರಷ್ಯಾದಲ್ಲಿ ಬೂಟಿನ ಚರ್ಮಕ್ಕೆ ಆ ಟಾರು ಬಳಿಯುತ್ತಿದ್ದರು. ಶನೆಲ್ ಕಂಪನಿ 1920ರ ದಶಕದಲ್ಲಿ 'ರಷ್ಯಾದ ಚರ್ಮ' ಅಂತಲೇ ಹೆಸರಿಟ್ಟು ಸೆಂಟು ಮಾರಿತು.

ನಮ್ಮೂರಲ್ಲೂ ಚರ್ಮ ಹದ ಮಾಡುವವರಿದ್ದರು. ಕೇರಿ ಊರಾಚೆ. ಯಾಕೆ ಅಂತ ಕೇಳಿದರೆ ಅಜ್ಜಿ "ವಾಸನೆ ಕಣೋ" ಅನ್ನುತ್ತಿದ್ದಳು. ತಂಗಡಿ ತೊಗಟೆ, ಅಳಲೆಕಾಯಿ ನೆನೆಹಾಕಿದ ತೊಟ್ಟಿಗಳು. ಹೊಸ ಚಪ್ಪಲಿ ಹೊಲಿದು ತಂದರೆ ಅಜ್ಜ ಅಂಗಳದಲ್ಲೇ ಇಡಿಸುತ್ತಿದ್ದ. ತಂದವನು ಟವೆಲ್ಲು ಒಡ್ಡಿ ನಿಲ್ಲಬೇಕು. ಅಜ್ಜ ಮೊರ ಮೇಲೆತ್ತಿ ಎರಡು ಸೇರು ಜೋಳ ಸುರಿಯುತ್ತಿದ್ದ. ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು, ಆತ ಕೂತು ಆಯ್ದುಕೊಳ್ಳುತ್ತಿದ್ದ. ಆಮೇಲೆ ಚಪ್ಪಲಿಗೆ ನೀರು ಚಿಮುಕಿಸಿ ಅಜ್ಜ ಮೆಟ್ಟಿಕೊಳ್ಳುತ್ತಿದ್ದ.

ಆ ಅಜ್ಜನ ಮೊಮ್ಮಗ ಈಗ ಅದೇ ವಾಸನೆಯನ್ನು ಕತ್ತಿಗೆ ಹಚ್ಚಿಕೊಂಡು ಹೋಮದ ಮುಂದೆ ಕೂತಿದ್ದೇನೆ. ತೊಟ್ಟಿ ಇಲ್ಲ, ಕೇರಿ ಇಲ್ಲ, ಹದ ಮಾಡಿದ ಕೈಯೂ ಇಲ್ಲ. ಹಾಗಾದರೆ ನಮಗೇನೂ ತಕರಾರಿಲ್ಲ, ಅಲ್ವಾ? ಕೆಲವು ದೇವಸ್ಥಾನದ ಬಾಗಿಲಲ್ಲಿ 'ಚರ್ಮದ ಬೆಲ್ಟು, ಪರ್ಸು ಹೊರಗಿಡಿ' ಅಂತ ಬೋರ್ಡಿರುತ್ತದೆ. ಕತ್ತನ್ನು ಎಲ್ಲಿ ಇಡುವುದೋ, ಬರೆದಿಲ್ಲ.

ಕೊನೆಗೆ ಸಿಕ್ಕಿಬಿದ್ದೆ. ದೊಡ್ಡಮ್ಮ ಮೂಗಿನ ಜಾಡು ಹಿಡಿದು ನನ್ನ ಕಾಲರ್ ಹತ್ತಿರ ಬಂದು ನಿಂತರು. ಭಾಮೈದ ಅಡ್ಡ ಬಂದ. "ಅಮ್ಮಾ, ಇದರಲ್ಲಿ ಚರ್ಮ ಇಲ್ಲ. ಪ್ಯೂರ್ ವೆಜ್."

ದೊಡ್ಡಮ್ಮ ನಿಟ್ಟುಸಿರು ಬಿಟ್ಟರು. ಬೆಲೆ ಕೇಳಿದರು. ಹೇಳಿದ.

"ಚರ್ಮ ಇಲ್ದೇನೇ ಅಷ್ಟಾ?"

ಪುರೋಹಿತರು ದಕ್ಷಿಣೆ ತಗೊಂಡು ಹೊರಡುವಾಗ ಭಾಮೈದನನ್ನು ಮೂಲೆಗೆ ಕರೆದು ಏನೋ ಪಿಸುಗುಟ್ಟಿದರು. ಶಲ್ಯದ ತುದಿಗೆ ಎರಡು ಪುಸ್ ಆಯಿತು. ಐವತ್ತು ರೂಪಾಯಿ.

ಊಟ ಮುಗಿಸಿ ಹೊರಗೆ ಬಂದರೆ ನನ್ನ ಅಥಣಿ ಚಪ್ಪಲಿ ಕಾಣಲಿಲ್ಲ. ಹುಡುಕಾಟದ ಗಲಾಟೆಯಲ್ಲಿ, ಬಾಗಿಲಿನ ಹತ್ತಿರ ಇದ್ದದ್ದೇ ಅದೊಂದು ನಿಜವಾದ ಚರ್ಮದ ಜೋಡಿ ಅಂತ, ದೊಡ್ಡಮ್ಮ ಗೇಟಿನಾಚೆ ಎಸೆಸಿದ್ದರಂತೆ. ಒಂದು ಚರಂಡಿ ಅಂಚಿನಲ್ಲಿ ಸಿಕ್ಕಿತು. ಇನ್ನೊಂದನ್ನು ಬೀದಿನಾಯಿ ಕಚ್ಚಿಕೊಂಡು ಎದುರು ಸೈಟಿನಲ್ಲಿ ಕೂತಿತ್ತು. ಬರಿಗಾಲಲ್ಲಿ ಕಲ್ಲು ತುಳಿಯುತ್ತಾ ಅದರ ಹಿಂದೆ ಹೋದೆ. ನನ್ನ ಹಿಂದೆಯೇ ಭಾಮೈದ, ಮೊಬೈಲ್ ಹಿಡಿದು, ಕತ್ತಿನ ಹತ್ತಿರ ಮೂಗು ತಂದುಕೊಂಡು.

"ಸ್ವಲ್ಪ ನಿಂತ್ಕೊಳ್ಳಿ ಭಾವ. ಡ್ರೈ ಡೌನ್ ಈಗ ಶುರು ಆಗ್ತಿದೆ."