ಬಂಪರ್ ಗೀರಿಗೆ ಕ್ಲೇಮ್ ಮಾಡಿ ಕೆಟ್ಟೆ

ದಾವಣಗೆರೆಯವರೂ ಬೆಂಗಳೂರಿನವರಷ್ಟೇ ಕಾರು ವಿಮೆ ಕಟ್ಟುತ್ತಾರೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅದು ಅರ್ಧ ಸರಿ. ನಮ್ಮ ಕಾರಿನಿಂದ ಬೇರೆಯವರಿಗಾಗುವ ನಷ್ಟಕ್ಕೆ ಕಟ್ಟುವ ಥರ್ಡ್ ಪಾರ್ಟಿ ಕಂತನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ 1,000ದಿಂದ 1,500 ಸಿಸಿವರೆಗಿನ ಖಾಸಗಿ ಕಾರಿಗೆ 3,416 ರೂಪಾಯಿ ಎಂದಾಯಿತು, ಊರು ಯಾವುದಾದರೂ ಅಷ್ಟೇ. ನಮ್ಮ ಕಾರಿಗೇ ಆಗುವ ನಷ್ಟದ, ಅಂದರೆ ಸ್ವಂತ ಹಾನಿಯ ಭಾಗ ಹಾಗಲ್ಲ. ಅಲ್ಲಿ ಬೆಂಗಳೂರು ‘ಎ’ ವಲಯ, ಕೆಎ-17 ನೋಂದಣಿಯ ನಮ್ಮ ದಾವಣಗೆರೆ ‘ಬಿ’ ವಲಯ. ದರ ತುಸು ಕಡಿಮೆ.

ಆದರೆ ನನ್ನ ಜೇಬಿಗೆ ಕತ್ತರಿ ಹಾಕಿದ್ದು ವಲಯವಲ್ಲ, ನೋ ಕ್ಲೇಮ್ ಬೋನಸ್; ಅಂದರೆ ಕ್ಲೇಮ್ ಮಾಡದ ವರ್ಷಗಳಿಗಾಗಿ ಸ್ವಂತ ಹಾನಿಯ ಕಂತಿನಲ್ಲಿ ಸಿಗುವ ರಿಯಾಯಿತಿ. ಮಂಡಿಪೇಟೆಯಲ್ಲಿ ಮೂಟೆ ತುಂಬಿದ್ದ ತಳ್ಳುಗಾಡಿಯೊಂದು ಹಿಂದಿನ ಬಂಪರನ್ನು ಉದ್ದಕ್ಕೂ ಗೀರಿಕೊಂಡು ಹೋಯಿತು. ಬಿಲ್ 4,200 ರೂಪಾಯಿ. ವಿಮೆ ಇರುವುದೇ ಇದಕ್ಕಲ್ಲವೇ ಎಂದು ಕ್ಲೇಮ್ ಮಾಡಿದೆ. ಪ್ಲಾಸ್ಟಿಕ್ ಭಾಗಕ್ಕೆ ಸವಕಳಿ ಕಳೆದು, ಕ್ಲೇಮ್‌ನಲ್ಲಿ ನಾವೇ ಭರಿಸಬೇಕಾದ ಕಡ್ಡಾಯ ಕಡಿತದ 1,000 ರೂಪಾಯಿಯನ್ನೂ ಹಿಡಿದುಕೊಂಡು ಕೊಟ್ಟದ್ದು 2,000ಕ್ಕೂ ಕಡಿಮೆ. ನಾಲ್ಕು ವರ್ಷ ಕಾಪಾಡಿಕೊಂಡಿದ್ದ ಶೇ 45ರ ರಿಯಾಯಿತಿ ಮುಂದಿನ ನವೀಕರಣದಲ್ಲಿ ಸೊನ್ನೆಯಾಯಿತು! ಏಜೆಂಟರು ಆಗ ತುಟಿ ಬಿಚ್ಚಲಿಲ್ಲ, ನಾನೂ ಕೇಳಲಿಲ್ಲ.

ಕಾರು ಮಾರುವವರು ಗಮನಿಸಿ: ಈ ಬೋನಸ್ ಕಾರಿನದಲ್ಲ, ಮಾಲೀಕರದು. ವಿಮಾ ಕಂಪನಿಯಿಂದ ಪತ್ರ ಪಡೆದು ಹೊಸ ಕಾರಿನ ಪಾಲಿಸಿಗೆ ವರ್ಗಾಯಿಸಿಕೊಳ್ಳಬಹುದು. ಕಾರು ಇಟ್ಟುಕೊಂಡವರು ಪಾಲಿಸಿ ಮುಗಿದ ಮೇಲೆ ನವೀಕರಿಸದೆ 90 ದಿನ ದಾಟಿಸಿದರೆ ಮಾತ್ರ ಬೋನಸ್ ಹೋಯಿತು.